ಸೊಂಟನೋವಿಗೆ ಹಾಕಿದ ದುಡ್ಡು ಎಲ್ಲಿಂದ ವಾಪಸ್ ಬರುತ್ತದೆ?

ಪ್ರಶ್ನೆ: ನಮ್ಮದು ಮದ್ದೂರು ಕಡೆಯ ಹಳ್ಳಿ. ಅಮ್ಮನಿಗೆ 46 ವರ್ಷ, 8 ವರ್ಷದಿಂದ ಒಂದೇ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಎರಡೂವರೆ ವರ್ಷದಿಂದ ಸೊಂಟನೋವು. ಕೈಗೆ ಬರುವ ಸಂಬಳ 13,000. ನೋವಿಗೇ ತಿಂಗಳಿಗೆ ಮೂರು ರಜೆ ಆಗುತ್ತದೆ, ಹಾಜರಿ ಬೋನಸ್ 500 ಹೋಗುತ್ತದೆ, ಮೊದಲು ತಿಂಗಳಿಗೆ 8 ಗಂಟೆ ಓಟಿ ಮಾಡುತ್ತಿದ್ದವರು ಈಗ ಬಿಟ್ಟಿದ್ದಾರೆ. ಹದಿನೈದು ದಿನಕ್ಕೊಮ್ಮೆ ಕ್ಲಿನಿಕ್ಕಿಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಾರೆ, 300 ರೂಪಾಯಿ. ಎಂಆರ್‌ಐಗೆ 6,500 ಕೊಟ್ಟೆವು, ‘ಎಲ್4-ಎಲ್5 ಡಿಸ್ಕ್ ಬಲ್ಜ್’, ಅಂದರೆ ಸೊಂಟದ ಮೂಳೆಗಳ ನಡುವಿನ ಮೆತ್ತೆ ಉಬ್ಬಿದೆ ಎಂದು ಬಂತು. ಬೆಲ್ಟ್‌ಗೆ 900 ಆಯಿತು. ಈಗ ಹತ್ತು ಸಿಟ್ಟಿಂಗ್ ಫಿಸಿಯೊಥೆರಪಿಗೆ 4,000 ಹೇಳಿದ್ದಾರೆ. ‘ನೋವಿಗೆ ಯಾರೂ ಸತ್ತಿಲ್ಲ, ಆ ದುಡ್ಡಿಗೆ ಹಿತ್ತಿಲಿಗೆ ಶೀಟಾದರೂ ಹಾಕಿಸಬಹುದು’ ಅನ್ನುತ್ತಾರೆ ಅಪ್ಪ. ಕೆಲಸ ಬಿಟ್ಟು ಪಿಎಫ್ ತಗೊಂಡು ಮನೇಲಿರಲಿ ಅನ್ನುತ್ತಾರೆ ಅಜ್ಜಿ. ನಾನು ಬಿ.ಕಾಂ. ಎರಡನೇ ವರ್ಷ, ಅಮ್ಮ ಏಳಲಾಗದ ದಿನ ಕಾಲೇಜು ತಪ್ಪಿಸಿ ಅಡುಗೆಗೆ ನಿಲ್ಲುತ್ತೇನೆ. ನೋವಿಗೆ ಖರ್ಚು ಮಾಡುವುದರಲ್ಲಿ ಅರ್ಥವಿದೆಯಾ? ಹೃದಯಕ್ಕೆ, ಕ್ಯಾನ್ಸರಿಗೆ ಯೋಜನೆಗಳಿವೆ, ನೋವಿಗೆ ಯಾಕಿಲ್ಲ?

ಉತ್ತರ: ನಿಮ್ಮ ತಂದೆಯವರ ಪ್ರಶ್ನೆಯಲ್ಲಿ ತಪ್ಪೇನಿಲ್ಲ. 4,000 ರೂಪಾಯಿ ಕೇಳಿದಾಗ ಅದರಿಂದ ಬರುವುದೇನು ಎಂದು ಕೇಳಲೇಬೇಕು. ಆದರೆ ಅವರು ಲೆಕ್ಕದ ಒಂದು ಮಗ್ಗುಲನ್ನಷ್ಟೇ ನೋಡಿದ್ದಾರೆ. ಚಿಕಿತ್ಸೆಯ ಖರ್ಚನ್ನು ಚೀಟಿಯಲ್ಲಿ ಬರೆದು ಕೊಡುತ್ತಾರೆ. ನೋವಿನ ಖರ್ಚಿಗೆ ಯಾರೂ ಚೀಟಿ ಬರೆಯುವುದಿಲ್ಲ. ಅದು ಅಷ್ಟಷ್ಟಾಗಿ ಸೋರಿಹೋಗುತ್ತದೆ.

ನೀವು ಕೊಟ್ಟ ಅಂಕಿಗಳನ್ನೇ ಹಿಡಿಯೋಣ. 13,000ವನ್ನು 26 ದಿನಕ್ಕೆ ಹಂಚಿದರೆ ದಿನಕ್ಕೆ 500. ಮೂರು ರಜೆಗೆ 1,500. ಹಾಜರಿ ಬೋನಸ್ 500. ಗಂಟೆಗೆ 62 ರೂಪಾಯಿ 50 ಪೈಸೆ. ಓಟಿಗೆ ದುಪ್ಪಟ್ಟು, ಅಂದರೆ 125. ಎಂಟು ಗಂಟೆಗೆ 1,000. ಸಂಬಳದ ಕಡೆಯೇ 3,000 ಹೋಯಿತು. ಎರಡು ಇಂಜೆಕ್ಷನ್‌ಗೆ 600. ನೀವು ಬರೆಯದ ಮಾತ್ರೆ, ಮುಲಾಮಿಗೆ 400, ಕ್ಲಿನಿಕ್ಕಿಗೆ ಹೋಗಿಬರುವ ಆಟೊಗೆ 300 ಎಂದಿಟ್ಟುಕೊಳ್ಳಿ. ಒಟ್ಟು ತಿಂಗಳಿಗೆ 4,300, ವರ್ಷಕ್ಕೆ 51,600. ಎಂಆರ್‌ಐ ಮತ್ತು ಬೆಲ್ಟಿನ 7,400 ಇದರ ಹೊರಗೆ. ಹಿತ್ತಿಲಿಗೆ ಹಾಕಿಸಬಹುದಾದ ಶೀಟು ಎರಡೂವರೆ ವರ್ಷದಿಂದ ಹೀಗೇ ಹೋಗುತ್ತಿದೆ.

ಇನ್ನು ಚಿಕಿತ್ಸೆಯ ಮಗ್ಗುಲು. ಫೀಸು 4,000, ಹತ್ತು ಸಲ ಹೋಗಿಬರಲು 1,000, ಹತ್ತು ಅರ್ಧ ದಿನದ ಸಂಬಳ 2,500. ನಿಜವಾದ ಖರ್ಚು 7,500. ರಜೆ ಮೂರರಿಂದ ಒಂದಕ್ಕೆ ಇಳಿದು, ಓಟಿಯ ಅರ್ಧ ಮರಳಿ, ಇಂಜೆಕ್ಷನ್ನೂ ಅದರ ಆಟೊ ಖರ್ಚೂ ನಿಂತರೆ ತಿಂಗಳಿಗೆ 2,400 ಉಳಿಯುತ್ತದೆ. ಹಾಕಿದ್ದು ಮೂರು ತಿಂಗಳು ದಾಟುವಷ್ಟರಲ್ಲಿ ಕೈಸೇರುತ್ತದೆ. ಇದು ಅಂದುಕೊಂಡಂತೆ ನಡೆದರೆ. ಓಟಿ ಬರಲೇ ಇಲ್ಲ, ರಜೆ ಮೂರರಿಂದ ಎರಡಕ್ಕಷ್ಟೇ ಇಳಿಯಿತು, ಇಂಜೆಕ್ಷನ್ನೂ ಅದರ ಆಟೊ ಖರ್ಚೂ ನಿಂತಿತು ಅಂದುಕೊಂಡರೂ 1,400 ಉಳಿದು, ಐದೂವರೆ ತಿಂಗಳಲ್ಲಿ ಸಾಲ ತೀರುತ್ತದೆ. ಗಮನಿಸಿ, ಈ ಲೆಕ್ಕದಲ್ಲಿ ನೋವು ಪೂರ್ತಿ ಹೋಗಬೇಕೆಂದು ಎಲ್ಲೂ ಇಲ್ಲ. ದೀರ್ಘಕಾಲದ ನೋವಿನ ಚಿಕಿತ್ಸೆಯಲ್ಲಿ ಎಲ್ಲರೂ ಎಡವುವ ಜಾಗ ಇದೇ. ನೋವು ಸೊನ್ನೆಗೆ ಇಳಿಯಲಿಲ್ಲವೆಂದು ಎರಡನೇ ವಾರಕ್ಕೆ ಬಿಟ್ಟು, ಮತ್ತೆ ಇಂಜೆಕ್ಷನ್ನಿಗೆ ಹೋಗುತ್ತಾರೆ. ನೋವು ಸ್ವಲ್ಪ ಉಳಿದಿದ್ದರೂ ತಿಂಗಳಿಗೆ ಎರಡು ದಿನ ಹೆಚ್ಚಿಗೆ ದುಡಿಯಲಾದರೆ, ರಾತ್ರಿ ಒಂದು ಗಂಟೆ ಹೆಚ್ಚಿಗೆ ನಿದ್ರೆ ಬಂದರೆ, ಲಾಭ ಅಲ್ಲಿದೆ.

ಅಜ್ಜಿಯ ಸಲಹೆಯ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು: ಈಗ ಕೆಲಸ ಬಿಟ್ಟು ಪಿಎಫ್ ಪೂರ್ತಿ ತೆಗೆಯುವುದು ಎಲ್ಲಕ್ಕಿಂತ ದುಬಾರಿ. ಪಿಎಫ್ ಜೊತೆಗಿರುವ ಪಿಂಚಣಿ ಯೋಜನೆಯಲ್ಲಿ ಪಿಂಚಣಿ ಸಿಗಲು 10 ವರ್ಷದ ಸೇವೆ ಆಗಿರಬೇಕು. ಅಮ್ಮನಿಗೆ ಆಗಿರುವುದು 8. ಸೂತ್ರ ಸರಳ: ಪಿಂಚಣಿ ಲೆಕ್ಕದ ಸಂಬಳವನ್ನು ಸೇವಾ ವರ್ಷದಿಂದ ಗುಣಿಸಿ 70ರಿಂದ ಭಾಗಿಸುವುದು. ಆ ಸಂಬಳ 14,000 ಇದ್ದರೆ 10 ವರ್ಷಕ್ಕೆ ತಿಂಗಳಿಗೆ 2,000, 58ರಿಂದ ಜೀವ ಇರುವತನಕ. ಇನ್ನೆರಡು ವರ್ಷ ದುಡಿಯಲಾಗುವ ಹಾಗೆ ಸೊಂಟವನ್ನು ಇಟ್ಟುಕೊಳ್ಳುವುದರ ಬೆಲೆ ಅಷ್ಟು. ಏನೇ ಮಾಡಿದರೂ ಬಿಡಲೇಬೇಕಾಗಿ ಬಂದರೆ ಪಿಂಚಣಿಯ ಪಾಲನ್ನು ನಗದಾಗಿ ತೆಗೆಯದೆ, ಫಾರಂ 10ಸಿಯಲ್ಲೇ ‘ಸ್ಕೀಮ್ ಸರ್ಟಿಫಿಕೇಟ್’ ಕೇಳಿ. ಆ 8 ವರ್ಷ ಲೆಕ್ಕದಲ್ಲಿ ಉಳಿದಿರುತ್ತದೆ, ಮುಂದೆ ಬೇರೆ ಕಡೆ ಸೇರಿದರೆ ಅಲ್ಲಿಂದ ಮುಂದಕ್ಕೆ ಎಣಿಸುತ್ತಾರೆ. ಅಲ್ಲದೆ ಮನೆಯಲ್ಲಿ ಕೂತರೆ ಸೊಂಟನೋವು ವಾಸಿಯಾಗುತ್ತದೆ ಎಂಬ ನಂಬಿಕೆಯೇ ಬುಡವಿಲ್ಲದ್ದು. ತಿಂಗಳುಗಟ್ಟಲೆ ಅಡ್ಡಾದ ಸೊಂಟ ಇನ್ನಷ್ಟು ಬಿಗಿಯುತ್ತದೆ, ಬೆನ್ನಿನ ಸ್ನಾಯುಗಳು ಸೊರಗುತ್ತವೆ. ಮನೆಯಲ್ಲಿದ್ದರೆ ಕೆಲಸವೇನೂ ಕಡಿಮೆಯಾಗುವುದೂ ಇಲ್ಲ, ಸಂಬಳ ಮಾತ್ರ ನಿಲ್ಲುತ್ತದೆ.

ಆ ಮನೆಗೆಲಸದ ಲೆಕ್ಕವೂ ಒಂದಿದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಅಡುಗೆ, ಬಟ್ಟೆ, ಪಾತ್ರೆಯಂಥ ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ ಕೊಡುವುದು 299 ನಿಮಿಷ, ಗಂಡಸರು 97 ನಿಮಿಷ ಎಂದು ಸಿಕ್ಕಿತ್ತು. ಹತ್ತಿರ ಹತ್ತಿರ ಐದು ಗಂಟೆ. ಅಮ್ಮ ಮಲಗಿದ ದಿನ ಆ ಐದು ಗಂಟೆ ಮಾಯವಾಗುವುದಿಲ್ಲ, ನಿಮ್ಮ ಹೆಗಲಿಗೆ ಬರುತ್ತದೆ. ಕಾಲೇಜಿನಲ್ಲಿ ಹಾಜರಿ ಕಡಿಮೆಯಾಗಿ ನೀವು ಪರೀಕ್ಷೆಗೆ ಕೂರಲಾಗದೆ ಒಂದು ವರ್ಷ ಹೋದರೆ, ಅದನ್ನು ಸೊಂಟನೋವಿನ ಖಾತೆಗೆ ಯಾರೂ ಬರೆಯುವುದಿಲ್ಲ. ಬರೆಯಬೇಕಾದದ್ದು ಅಲ್ಲೇ.

ನೋವಿಗೆ ಯೋಜನೆ ಯಾಕಿಲ್ಲ ಎಂದು ಕೇಳಿದ್ದೀರಿ. ಒಂದು ಕಾರಣ, ನೋವು ಸಾವಿನ ಪಟ್ಟಿಯಲ್ಲಿ ಬರುವುದಿಲ್ಲ. ಆರೋಗ್ಯ ಇಲಾಖೆಗಳು ಬಹುಕಾಲ ಎಣಿಸಿದ್ದು ಸಾವುಗಳನ್ನು. ಮೂರು ತಿಂಗಳು ಮೀರಿದ ನೋವಿಗೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ತನ್ನದೇ ಒಂದು ಮನೆ ಸಿಕ್ಕಿದ್ದು ಹನ್ನೊಂದನೇ ಆವೃತ್ತಿಯಲ್ಲಿ. ಅದು ಜಾರಿಗೆ ಬಂದದ್ದೇ 2022ರ ಜನವರಿಗೆ. ಎಣಿಸಿದವರಿಗೆ ಮಾತ್ರ ಗಾಬರಿಯಾಗಿದೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2011ರಲ್ಲಿ ಲೆಕ್ಕ ಹಾಕಿದಾಗ ಆ ದೇಶಕ್ಕೆ ನೋವಿನಿಂದ ವರ್ಷಕ್ಕೆ 560ರಿಂದ 635 ಶತಕೋಟಿ ಡಾಲರ್ ಹೊರೆ ಎಂದು ಬಂತು. ಹೃದ್ರೋಗ, ಕ್ಯಾನ್ಸರ್, ಮಧುಮೇಹ ಇವುಗಳಲ್ಲಿ ಯಾವ ಒಂದಕ್ಕಿಂತಲೂ ಹೆಚ್ಚು. ಸೊಂಟನೋವೊಂದೇ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗಿತ್ತು, 2050ಕ್ಕೆ 84.3 ಕೋಟಿ ಆಗಬಹುದೆಂಬ ಅಂದಾಜಿದೆ. ಸಾವಿನ ಬದಲು ಕೈಕಾಲು ಕಟ್ಟಿಹಾಕುವ ಕಾಯಿಲೆಗಳ ಪಟ್ಟಿ ಮಾಡಿದರೆ ಅದೇ ಮೊದಲನೆಯದು.

ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ: ದುಡ್ಡು ಹಾಕುವವರು ಒಬ್ಬರು, ಲಾಭ ಪಡೆಯುವವರು ಇನ್ನೊಬ್ಬರು. ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸಗಾರ ಕಾಯಿಲೆ ಬಿದ್ದರೆ ಎರಡು ವರ್ಷದವರೆಗೆ ಸಂಬಳದಲ್ಲಿ ನೂರಕ್ಕೆ ಕನಿಷ್ಠ 70 ಭಾಗವನ್ನು ಮಾಲೀಕನೇ ಕೊಡಬೇಕು. ಹಾಗಾಗಿ ಬೇಗ ಕೆಲಸಕ್ಕೆ ಮರಳಿಸುವುದು ಮಾಲೀಕನಿಗೇ ಲಾಭ. ಅಲ್ಲಿ ಹಳೆಯ ಸೊಂಟನೋವಿನಿಂದ ರಜೆಯಲ್ಲಿದ್ದ 134 ಜನರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2010ರಲ್ಲಿ ಹೊರಬಂತು. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಇನ್ನೊಂದಕ್ಕೆ ಮೆಲ್ಲಮೆಲ್ಲನೆ ಹೆಚ್ಚಿಸುವ ವ್ಯಾಯಾಮ, ಜೊತೆಗೆ ಕೆಲಸದ ಜಾಗಕ್ಕೇ ಹೋಗಿ, ಮೇಲಿನವರನ್ನೂ ಕೂರಿಸಿಕೊಂಡು ಅಡ್ಡಿಗಳನ್ನು ಸರಿಪಡಿಸುವ ವ್ಯವಸ್ಥೆ. ಬೇಗ ಮರಳಿದವರಿಂದ ತಡವಾದವರವರೆಗೆ ಸಾಲಾಗಿ ನಿಲ್ಲಿಸಿದರೆ, ಮಾಮೂಲಿ ಗುಂಪಿನ ನಟ್ಟನಡುವೆ ಬರುವ ಮನುಷ್ಯ ಕೆಲಸಕ್ಕೆ ಗಟ್ಟಿಯಾಗಿ ಮರಳಲು 208 ದಿನ ಬೇಕಾದರೆ, ಇವರಿಗೆ 88 ದಿನ ಸಾಕಾಯಿತು. ಹಾಕಿದ 1 ಪೌಂಡಿಗೆ ಮರಳಿದ್ದು 26 ಪೌಂಡ್ ಎಂಬುದು ಅವರ ಅಂದಾಜು. 2023ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲೂ ಇಂಥದ್ದೇ ಕಂಡಿದೆ. 492 ಜನರಲ್ಲಿ ಚಿಕಿತ್ಸೆಯ ಗುಂಪಿನವರಿಗೆ, ನೋವನ್ನು ಅರ್ಥ ಮಾಡಿಸಿ ಹೆದರಿ ಬಿಟ್ಟ ಚಲನೆಗಳನ್ನು ಮತ್ತೆ ಕಲಿಸುವ ಫಿಸಿಯೊಥೆರಪಿ ಕೊಟ್ಟರು: 12 ವಾರದಲ್ಲಿ ಹೆಚ್ಚೆಂದರೆ 7 ಭೇಟಿ, 26ನೇ ವಾರಕ್ಕೆ ಒಂದು. ಒಬ್ಬೊಬ್ಬರಿಂದ ವರ್ಷಕ್ಕೆ ಸಮಾಜಕ್ಕೆ 5,000 ಆಸ್ಟ್ರೇಲಿಯನ್ ಡಾಲರಿಗೂ ಮಿಕ್ಕಿ ಉಳಿಯಿತು. ಉಳಿತಾಯದ ಬಹುಪಾಲು ಬಂದದ್ದು ಮತ್ತೆ ದುಡಿಯಲಾದದ್ದರಿಂದ.

ಇಲ್ಲಿ ನಿಮ್ಮ ಅಮ್ಮ ಬರದ ದಿನ ಕಂಪನಿ ಸಂಬಳ ಹಿಡಿಯುತ್ತದೆ, ಸೂಪರ್‌ವೈಸರ್ ಪಕ್ಕದ ಲೈನಿನಿಂದ ಒಬ್ಬರನ್ನು ತಂದು ಕೂರಿಸುತ್ತಾರೆ. ನಷ್ಟ ಮನೆಯದು. ನೋವಿಟ್ಟುಕೊಂಡೇ ಬಂದು ಕೂತ ದಿನ ಹೆಚ್ಚುವ ಆಲ್ಟರೇಷನ್ ಪೀಸುಗಳು, ತಪ್ಪುವ ಟಾರ್ಗೆಟ್ಟು ಕಂಪನಿಯ ನಷ್ಟವೇ, ಆದರೆ ಅದನ್ನು ನೋವಿನ ನಷ್ಟವೆಂದು ಯಾವ ಕಂಪನಿಯೂ ಬರೆದುಕೊಳ್ಳುವುದಿಲ್ಲ. ಸರ್ಕಾರಿ ವಿಮೆಯೂ ಹೆಚ್ಚಾಗಿ ತಿರುಗುಮುರುಗು. ಆಯುಷ್ಮಾನ್ ಭಾರತದ 5 ಲಕ್ಷ ಆಸ್ಪತ್ರೆಗೆ ದಾಖಲಾದರೆ ಮಾತ್ರ. ಬೆನ್ನಿನ ಆಪರೇಷನ್ನಿಗೆ ದುಡ್ಡಿದೆ, ಆಪರೇಷನ್ ತಪ್ಪಿಸಬಹುದಾದ ಫಿಸಿಯೊಥೆರಪಿಗಿಲ್ಲ. ಬಹುತೇಕ ಖಾಸಗಿ ಪಾಲಿಸಿಗಳದ್ದೂ ಇದೇ ಹಾಡು. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ನೇರ ಜೇಬಿನಿಂದ ಕೊಡುವ ಪಾಲು 2021-22ರಲ್ಲೂ 39.4% ಇತ್ತು.

ಆದರೆ ನಿಮ್ಮ ಪಾಲಿಗೆ ಒಂದು ಬಾಗಿಲು ತೆರೆದೇ ಇದೆ, ನೀವು ಅದರ ಹೆಸರನ್ನೇ ಎತ್ತಿಲ್ಲ. ಅಮ್ಮನ ಸಂಬಳದ ಚೀಟಿಯಲ್ಲಿ ‘ಇಎಸ್‌ಐ’ (ನೌಕರರ ರಾಜ್ಯ ವಿಮೆ) ಎಂದು 0.75% ಕಡಿತ, ಅಂದರೆ ನೂರು ರೂಪಾಯಿ ಆಸುಪಾಸು, ಇದೆಯೇ ನೋಡಿ. ಸಂಬಳ 21,000ದೊಳಗಿರುವುದರಿಂದ ಇರಲೇಬೇಕು. ಕಂಪನಿಯೂ ತನ್ನ ಕಡೆಯಿಂದ ಸಂಬಳದ 3.25% ಕಟ್ಟುತ್ತದೆ. ಆ ದುಡ್ಡಿಗೆ ಹೊರರೋಗಿ ತಪಾಸಣೆ, ಔಷಧಿ, ಸ್ಕ್ಯಾನ್, ಫಿಸಿಯೊಥೆರಪಿ ಎಲ್ಲಕ್ಕೂ ಹಕ್ಕಿದೆ, ನಿಮಗೂ ತಂದೆಯವರಿಗೂ ಚಿಕಿತ್ಸೆಯ ಹಕ್ಕಿದೆ. ಮೊದಲು ನಿಮಗೆ ಗೊತ್ತುಮಾಡಿರುವ ಡಿಸ್ಪೆನ್ಸರಿ, ಅಲ್ಲಿಂದ ಚೀಟಿ ಬರೆಸಿಕೊಂಡು ಮೈಸೂರಿನ ಅಥವಾ ಬೆಂಗಳೂರಿನ ಇಎಸ್‌ಐ ಆಸ್ಪತ್ರೆ. ದೂರ, ಸಾಲು, ಅರ್ಧ ದಿನ ಹೋಗುವುದು ಎಲ್ಲ ನಿಜ. ಹಾಗಾಗಿ ಪರೀಕ್ಷೆ, ಔಷಧಿ, ಮೊದಲ ಎರಡು ಮೂರು ಸಿಟ್ಟಿಂಗ್ ಅಲ್ಲಿ ಮಾಡಿಸಿ, ಉಳಿದದ್ದನ್ನು ಊರ ಹತ್ತಿರ ದುಡ್ಡು ಕೊಟ್ಟು ಮಾಡಿಸಿದರೂ ಖರ್ಚು ಇಳಿಯುತ್ತದೆ.

ಇಎಸ್‌ಐನಲ್ಲಿ ಕಾಯಿಲೆ ರಜೆಯ ಭತ್ಯೆಯೂ ಇದೆ: ಸಂಬಳದ 70%, ವರ್ಷಕ್ಕೆ 91 ದಿನದವರೆಗೆ. ಅದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನವಾದರೂ ವಂತಿಗೆ ಕಟ್ಟಿರಬೇಕು, ಇಎಸ್‌ಐ ವೈದ್ಯರ ಸರ್ಟಿಫಿಕೇಟ್ ಬೇಕು. ಎಡವಟ್ಟಾಗುವುದು ಎಲ್ಲೆಂದರೆ, ಕಾಯಿಲೆ ರಜೆಯ ಮೊದಲ ಎರಡು ದಿನಕ್ಕೆ ಭತ್ಯೆಯಿಲ್ಲ. ಹಿಂದಿನ ಕಾಯಿಲೆ ರಜೆ ಮುಗಿದು 15 ದಿನದೊಳಗೆ ಮತ್ತೆ ಹಾಕಿದ್ದಾದರೆ ಮಾತ್ರ ಈ ಕಡಿತ ಇಲ್ಲ. ಅಮ್ಮ ಇವತ್ತೊಂದು, ಮುಂದಿನ ವಾರ ಒಂದು ಎಂದು ಬಿಡಿಬಿಡಿಯಾಗಿ, ಯಾವ ಸರ್ಟಿಫಿಕೇಟೂ ಇಲ್ಲದೆ ಹಾಕುವ ರಜೆಗಳಿಗೆ ಹೀಗೆ ಒಂದು ಪೈಸೆಯೂ ಬರುವುದಿಲ್ಲ. ನಿಜಕ್ಕೂ ಏಳಲಾಗದಷ್ಟು ಹಿಡಿದುಕೊಂಡಾಗ ಡಿಸ್ಪೆನ್ಸರಿಗೆ ಹೋಗಿ, ನಾಲ್ಕೈದು ದಿನ ಒಟ್ಟಿಗೆ ಸರ್ಟಿಫಿಕೇಟ್ ಮೇಲೆ ತೆಗೆದುಕೊಳ್ಳುವುದು ಸಂಬಳಕ್ಕೂ ಒಳ್ಳೆಯದು, ಸೊಂಟಕ್ಕೂ ಒಳ್ಳೆಯದು.

ಈಗ ಇಲ್ಲಿಯತನಕ ಹೋದ ದುಡ್ಡಿನ ವಿಚಾರ. ಎಂಆರ್‌ಐ ವರದಿ ಮನೆಯಲ್ಲಿ ಹುಟ್ಟಿಸಿದ ಹೆದರಿಕೆಯನ್ನು ಮೊದಲು ಇಳಿಸಿ. ಯಾವ ನೋವೂ ಇಲ್ಲದ 3,110 ಜನರ ಸ್ಕ್ಯಾನುಗಳನ್ನು ಒಟ್ಟು ಮಾಡಿ 2015ರಲ್ಲಿ ನೋಡಿದಾಗ, 40ರ ವಯಸ್ಸಿನವರಲ್ಲಿ 50%, 50ರವರಲ್ಲಿ 60% ಜನಕ್ಕೆ ಡಿಸ್ಕ್ ಬಲ್ಜ್ ಇತ್ತು. 46ರಲ್ಲಿ ಬಲ್ಜ್ ಎಂದರೆ ಹೆಚ್ಚುಕಡಿಮೆ ತಲೆ ನರೆತ ಹಾಗೆ. ‘ಡಿಸ್ಕ್ ಜರುಗಿದೆ, ಬಗ್ಗಬೇಡಿ, ಭಾರ ಎತ್ತಬೇಡಿ’ ಎಂಬ ಮಾತು ಕೇಳಿದ ದಿನದಿಂದ ಅಮ್ಮ ಬಿಂದಿಗೆ ಮುಟ್ಟಲೂ ಹೆದರುತ್ತಿರಬಹುದು. ಆ ಹೆದರಿಕೆ ಬಲ್ಜಿಗಿಂತ ಹೆಚ್ಚು ಕೆಡುಕು ಮಾಡುತ್ತದೆ.

ಎರಡೂವರೆ ವರ್ಷವಾದ ನೋವು ಶುರುವಿನ ಪೆಟ್ಟಿನ ಸುದ್ದಿಯನ್ನಷ್ಟೇ ಹೇಳುತ್ತಿರುವುದಿಲ್ಲ. ಒಮ್ಮೆ ಕಳ್ಳ ನುಗ್ಗಿದ ಮನೆಯ ನಾಯಿ ಆಮೇಲೆ ಬೆಕ್ಕು ಹಾದರೂ ಬೊಗಳುತ್ತದಲ್ಲ, ನರಗಳೂ ಮಿದುಳೂ ಹಾಗೆಯೇ ಸಣ್ಣ ಎಳೆತಕ್ಕೂ ಕೂಗಲು ಕಲಿತಿರುತ್ತವೆ. ನೋವು ನಿಜ, ನಾಟಕವಲ್ಲ. ಆದರೆ ನೋವಾದಾಗಲೆಲ್ಲ ಒಳಗೇನೋ ಹರಿಯುತ್ತಿದೆ ಎಂದಲ್ಲ. ಇಂಜೆಕ್ಷನ್ ನಾಯಿಯ ಬಾಯಿಗೆ ಕೆಲವು ಗಂಟೆ ಬಟ್ಟೆ ಕಟ್ಟುತ್ತದೆ ಅಷ್ಟೇ. ಕ್ಲಿನಿಕ್ಕುಗಳಲ್ಲಿ ಹಾಕುವುದು ಹೆಚ್ಚಾಗಿ ಡೈಕ್ಲೋಫೆನಾಕ್ ಎಂಬ ನೋವುನಿವಾರಕ, ಕೆಲವು ಕಡೆ ಸ್ಟೆರಾಯ್ಡ್ ಬೆರಕೆ. ವರ್ಷಗಟ್ಟಲೆ ನಡೆದರೆ ಹೊಟ್ಟೆಹುಣ್ಣು, ರಕ್ತದೊತ್ತಡ ಏರುವುದು, ಮೂತ್ರಪಿಂಡಕ್ಕೆ ಪೆಟ್ಟು. ಗಾರ್ಮೆಂಟ್ಸ್‌ನಲ್ಲಿ ಟಾಯ್ಲೆಟ್ಟಿಗೆ ಏಳಬೇಕಾಗುತ್ತದೆಂದು ನೀರೇ ಕುಡಿಯದೆ ಕೂರುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಬಿಪಿ ಮಾತ್ರೆಯೂ ಇದ್ದರೆ ಕೂಡಲೇ ವೈದ್ಯರಿಗೆ ತಿಳಿಸಿ. ಒಮ್ಮೆ ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ಮತ್ತು ಬಿಪಿ ನೋಡಿಸಿ, ಇಎಸ್‌ಐನಲ್ಲಿ ಪುಕ್ಕಟೆ. ಯಾವ ಇಂಜೆಕ್ಷನ್ ಎಂಬುದನ್ನು ಬರೆದುಕೊಡದ ಕಡೆ ಇನ್ನು ಹಾಕಿಸಬೇಡಿ. ಆದರೆ ಬಹುಕಾಲ ಸ್ಟೆರಾಯ್ಡ್ ನಡೆದಿದ್ದ ಅನುಮಾನವಿದ್ದರೆ ತಟ್ಟನೆ ನಿಲ್ಲಿಸುವ ಮೊದಲು ವೈದ್ಯರನ್ನು ಕೇಳಿ.

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹಳೆಯ ಸೊಂಟನೋವಿಗೆಂದೇ ಮಾರ್ಗಸೂಚಿ ತಂದಿತು. ವ್ಯಾಯಾಮ, ನೋವಿನ ತಿಳಿವಳಿಕೆ, ಮನಸ್ಸಿನ ಚಿಕಿತ್ಸೆ, ಬೇಕಾದಾಗ ಉರಿಯೂತ ತಗ್ಗಿಸುವ ಮಾತ್ರೆ ಇವಕ್ಕೆ ಒಪ್ಪಿಗೆ. ಬೆಲ್ಟು, ಟ್ರ್ಯಾಕ್ಷನ್ (ಸೊಂಟ ಎಳೆದು ಹಿಡಿಯುವುದು), ಅಲ್ಟ್ರಾಸೌಂಡ್ ಶಾಖ, ಟ್ರಾಮಡಾಲ್‌ನಂಥ ಓಪಿಯಾಯ್ಡ್‌ಗಳು (ಅಫೀಮು ಜಾತಿಯ ನೋವಿನ ಔಷಧಿಗಳು) ಬೇಡ ಎಂದಿದೆ. ಹಾಗಾಗಿ 4,000 ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ: ‘ಸಿಟ್ಟಿಂಗಿನಲ್ಲಿ ಏನು ಮಾಡಿಸುತ್ತೀರಿ?’ ಅಡ್ಡ ಮಲಗಿಸಿ ಇಪ್ಪತ್ತು ನಿಮಿಷ ಕರೆಂಟು, ಹತ್ತು ನಿಮಿಷ ಶಾಖ, ನಾಳೆ ಬನ್ನಿ ಎನ್ನುವುದಾದರೆ ಆ ದುಡ್ಡಿಗೆ ಶೀಟೇ ಹಾಕಿಸಿ, ತಂದೆಯವರೇ ಸರಿ. ವ್ಯಾಯಾಮ ಕಲಿಸಿ, ಮನೆಗೆ ಬರೆದುಕೊಟ್ಟು, ಮುಂದಿನ ಸಲ ಪರೀಕ್ಷಿಸುವುದಾದರೆ ಕಟ್ಟಿ.

ಹತ್ತು ಸಿಟ್ಟಿಂಗನ್ನು ಹತ್ತು ದಿನ ಸಾಲಾಗಿ ಮುಗಿಸಬೇಡಿ. ಸ್ನಾಯು ಹತ್ತು ದಿನದಲ್ಲಿ ಬಲಿಯುವುದಿಲ್ಲ. ಮೊದಲ ಎರಡು ವಾರ ವಾರಕ್ಕೆರಡು, ಆಮೇಲೆ ನಾಲ್ಕು ವಾರ ವಾರಕ್ಕೊಂದು, ಉಳಿದ ಎರಡನ್ನು 8ನೇ ಮತ್ತು 12ನೇ ವಾರಕ್ಕೆ ಇಟ್ಟುಕೊಳ್ಳಿ. ಅದೇ ದುಡ್ಡು ಮೂರು ತಿಂಗಳು ಕಾಯುತ್ತದೆ.

ಮನೆಯಲ್ಲಿ ಮಾಡುವುದು ಹೆಚ್ಚೇನಿಲ್ಲ. ನಡಿಗೆ ವಾರಕ್ಕೆ ಐದು ದಿನ. ಮೊದಲ ವಾರ 10 ನಿಮಿಷ, ವಾರಕ್ಕೆ 5 ನಿಮಿಷ ಏರಿಸುತ್ತ ಐದನೇ ವಾರಕ್ಕೆ 30. ದಿನ ಬಿಟ್ಟು ದಿನ ಮೂರು ವ್ಯಾಯಾಮ. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತಿ 5 ಸೆಕೆಂಡ್ ಹಿಡಿಯುವುದು, 8 ಸಲ. ಅಂಬೆಗಾಲಿನಲ್ಲಿ ನಿಂತು ಬಲಗೈ-ಎಡಗಾಲು, ಎಡಗೈ-ಬಲಗಾಲು ಚಾಚುವುದು, ಒಂದೊಂದು ಕಡೆ 6 ಸಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, 8 ಸಲ. ಇವನ್ನು ಅಮ್ಮನ ಮೈಗೆ ಹೊಂದಿಸಿ ಕೊಡುವುದು ಫಿಸಿಯೊಥೆರಪಿಸ್ಟ್ ಕೆಲಸ. ನಿಯಮ ಒಂದೇ: ಮಾಡುವಾಗ ನೋವು ಹತ್ತರಲ್ಲಿ ಎರಡು ಅಂಕ ಏರಿದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆಗೆ ಮೊದಲಿನಷ್ಟಕ್ಕೆ ಇಳಿದಿರಬೇಕು. ಇಳಿದಿಲ್ಲವಾದರೆ ಎಣಿಕೆಯಲ್ಲಿ ಕಾಲು ಭಾಗ ಕಡಿಮೆ ಮಾಡಿ, ನಿಲ್ಲಿಸಬೇಡಿ. ಎರಡನೇ ವಾರದಲ್ಲಿ ಮೈಕೈ ಹಿಡಿದುಕೊಂಡು ‘ಇದರಿಂದ ಜಾಸ್ತಿಯಾಯ್ತು’ ಎಂದು ಅರ್ಧಕ್ಕೆ ಬಿಡುವವರೇ ಹೆಚ್ಚು. ಆ ವಾರ ಅಮ್ಮನ ಪಕ್ಕದಲ್ಲಿ ನೀವೂ ಚಾಪೆ ಹಾಸಿಕೊಳ್ಳಿ.

ಭಾನುವಾರದ ಮೇಲೆ ಒಂದು ಕಣ್ಣಿಡಿ. ವಾರದ ಬಟ್ಟೆಯನ್ನೆಲ್ಲ ಅಂದೇ ಒಗೆದು, ಮನೆ ಒರೆಸಿ, ರಾಗಿ ಹಸನು ಮಾಡಿ, ಸೋಮವಾರ ಏಳಲಾಗದೆ ರಜೆ. ತಿಂಗಳ ಮೂರು ರಜೆಯಲ್ಲಿ ಎಷ್ಟು ಸೋಮವಾರ ಬಂದಿವೆ, ಕ್ಯಾಲೆಂಡರ್ ತೆಗೆದು ಎಣಿಸಿ. ಎರಡು ಇದ್ದರೆ ಆ 1,000 ರೂಪಾಯಿ ಒಗೆಯುವ ಕಲ್ಲಿನ ಹತ್ತಿರವೇ ಬಿದ್ದಿದೆ. ಬಟ್ಟೆಯನ್ನು ವಾರದಲ್ಲಿ ಮೂರು ಕಂತು ಮಾಡಿ, ಹಿಂಡುವ ಕೆಲಸ ತಂದೆಯವರಿಗೆ ಕೊಡಿ. ಇದಕ್ಕೆ ಫೀಸಿಲ್ಲ.

ಲೈನಿನಲ್ಲಿ ಕೂರುವ ಕ್ರಮವೂ ಅಷ್ಟೇ ಮುಖ್ಯ. ಒರಗು ಇಲ್ಲದ ಸ್ಟೂಲು, ದೂರದ ಪೆಡಲ್ಲು ಇದ್ದರೆ ಟೈಲರ್ ಸ್ಟೂಲಿನ ಅಂಚಿಗೆ ಬಂದು, ಬೆನ್ನು ಗೂನು ಮಾಡಿ, ಸೂಜಿಯತ್ತ ಕತ್ತು ಚಾಚಿ ಕೂರುತ್ತಾರೆ. ಭಾರವೆಲ್ಲ ಸೊಂಟದ ಬುಡಕ್ಕೆ. ಪೆಡಲ್ಲನ್ನು ಹತ್ತಿರಕ್ಕೆ ಸರಿಸಲು ಮೆಕ್ಯಾನಿಕ್‌ಗೆ ಹತ್ತು ನಿಮಿಷ ಸಾಕು. ಮೊಣಕೈ ಮೇಜಿನ ಮಟ್ಟಕ್ಕೆ ಬರುವ ಎತ್ತರ, ಒರಗಿರುವ ಕುರ್ಚಿ ಕೇಳಿ. ಎಷ್ಟು ಹೊತ್ತು ಕೂರಬಹುದು ಎಂಬುದನ್ನೂ ಅಳೆಯಿರಿ: ಮೂರು ದಿನ, ನೋವು ಎರಡು ಅಂಕ ಏರಲು ಎಷ್ಟು ನಿಮಿಷ ಎಂದು ಬರೆದುಕೊಳ್ಳಲಿ. 25, 30, 20 ಬಂದರೆ ಸರಾಸರಿ 25. ಅದರ 80%, ಅಂದರೆ 20 ನಿಮಿಷಕ್ಕೊಮ್ಮೆ ಎದ್ದು ಸೊಂಟದ ಮೇಲೆ ಕೈಯಿಟ್ಟು ಐದು ಸಲ ಹಿಂದಕ್ಕೆ ಬಾಗಿ ಕೂರಬೇಕು, ಅರ್ಧ ನಿಮಿಷದ ಕೆಲಸ. ನೋವು ಬಂದ ಮೇಲೆ ಏಳುವುದಲ್ಲ, ಬರುವ ಮೊದಲೇ ಏಳುವುದು. ವಾರಕ್ಕೆ ಎರಡು ನಿಮಿಷದಂತೆ ಹೆಚ್ಚಿಸಲಿ. ಸೂಪರ್‌ವೈಸರ್ ಒಪ್ಪಬೇಕಲ್ಲ ಎಂದರೆ, ಫಿಸಿಯೊಥೆರಪಿಸ್ಟ್ ಕೈಯಲ್ಲಿ ನಾಲ್ಕು ಸಾಲಿನ ಪತ್ರ ಬರೆಸಿ. ‘ಆರು ವಾರ, ದಿನದಲ್ಲಿ ಎರಡು ಗಂಟೆ ಚೆಕ್ಕಿಂಗ್‌ಗೆ ಹಾಕಿ’ ಎಂದು ಅವಧಿ ಹಾಕಿ ಕೇಳಿದರೆ ಒಪ್ಪುವ ಸಾಧ್ಯತೆ ಹೆಚ್ಚು. ‘ಲೈಟ್ ವರ್ಕ್ ಕೊಡಿ’ ಎಂಬ ಒಂದು ಸಾಲಿನ ಚೀಟಿಗೆ ಮಾತ್ರ ಹೋಗಬೇಡಿ, ಅದನ್ನು ನೋಡಿ ‘ಮನೇಲೇ ಇರಿ’ ಎನ್ನುವುದುಂಟು.

ದುಡ್ಡಿನಲ್ಲಿ ಹಿಡಿಯಲಾಗದ ನಷ್ಟವೂ ಇದೆ. ಸೊಂಟನೋವಿಗೆ ಪಟ್ಟಿಯಿಲ್ಲ, ಹೊಲಿಗೆಯಿಲ್ಲ, ಹೊರಗೆ ಏನೂ ಕಾಣುವುದಿಲ್ಲ. ನೋಡುವವರಿಗೆ ‘ಕೆಲಸಗಳ್ಳಿ’. ಮದುವೆ, ಜಾತ್ರೆಗೆ ಹೋಗುವುದು ನಿಲ್ಲುತ್ತದೆ, ನಿದ್ರೆ ಕೆಡುತ್ತದೆ, ಮಾತು ಸಿಡುಕಾಗುತ್ತದೆ, ನೋವಿನ ಜೊತೆ ಖಿನ್ನತೆ ಸೇರಿಕೊಳ್ಳುತ್ತದೆ. ಖಿನ್ನತೆಯಿದ್ದರೆ ವ್ಯಾಯಾಮವನ್ನು ಬಿಡದೆ ಮಾಡುವುದೂ ಕಷ್ಟವಾಗುತ್ತದೆ. ಎರಡು ವಾರದಿಂದ ಯಾವುದರಲ್ಲೂ ಮನಸ್ಸಿಲ್ಲ ಎಂದರೆ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ, ಪುಕ್ಕಟೆ. ಮನೆಯವರ ಮಾತೂ ಚಿಕಿತ್ಸೆಯ ಭಾಗವೇ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 1997ರಿಂದ ಟಿವಿಯಲ್ಲಿ ‘ಬೆನ್ನುನೋವೆಂದು ಮಲಗಬೇಡಿ, ಓಡಾಡುತ್ತಿರಿ’ ಎಂದು ಜಾಹೀರಾತು ಹಾಕಿದರು; ಬೆನ್ನುನೋವಿನ ಪರಿಹಾರದ ಅರ್ಜಿಗಳೇ 15%ಕ್ಕೂ ಹೆಚ್ಚು ಇಳಿದವು. ‘ಸಾಯಲ್ಲ ಬಿಡು’ ಎನ್ನುವ ಬದಲು ತಂದೆಯವರು ಸಂಜೆ ಅಮ್ಮನ ಜೊತೆ ಆ 10 ನಿಮಿಷ ನಡೆದರೆ ಸಾಕು.

ಇವೆಲ್ಲ ಮಾಮೂಲಿ ಸೊಂಟನೋವಿಗೆ. ಮೂತ್ರ, ಮಲ ಹಿಡಿತ ತಪ್ಪುವುದು, ಕೂರುವ ಜಾಗ ಜೋಮು ಹಿಡಿಯುವುದು, ಕಾಲು ಸೋತು ಎಳೆಯುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದುದು, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೂ ಕಾಯಬಾರದು. ಕ್ಯಾನ್ಸರ್ ನೋವಿನ ದಾರಿಯೇ ಬೇರೆ. ಅಲ್ಲಿ ಮಾರ್ಫಿನ್ ಎಂಬ ಬಲವಾದ ನೋವುನಿವಾರಕ ಬೇಕಾಗಬಹುದು, ಅದು ಸಿಗುವುದು ಸಲೀಸಾಗಲೆಂದೇ 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿ ತಂದರು.

ಫಲ ಅಳೆಯಲು ಒಂದು ನೋಟ್‌ಬುಕ್ ಇಡಿ. ಎರಡು ವಾರಕ್ಕೊಮ್ಮೆ ಅಮ್ಮನನ್ನು ಮೂರು ಪ್ರಶ್ನೆ ಕೇಳಿ, ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಿಸಿ: ಈ ವಾರ ನೋವು ಸರಾಸರಿ ಎಷ್ಟಿತ್ತು? ಬದುಕಿನ ಖುಷಿಗೆ ಎಷ್ಟು ಅಡ್ಡ ಬಂತು? ದಿನದ ಕೆಲಸಕ್ಕೆ ಎಷ್ಟು ಅಡ್ಡ ಬಂತು? ಮೂರರ ಸರಾಸರಿ ತೆಗೆಯಿರಿ. ಶುರುವಿನಲ್ಲಿ 7, 8, 8 ಇದ್ದರೆ 7.7. ಆರನೇ ವಾರ 6, 5, 4 ಆದರೆ 5. ಇಳಿಕೆ 35%. ನೋವಿನ ಅಂಕ ಒಂದೇ ಇಳಿದಿದೆ, ಆದರೂ ಇದು ಒಳ್ಳೆಯ ಫಲ, ಏಕೆಂದರೆ 30% ಇಳಿದರೆ ಗಣನೀಯ ಎಂದು ಲೆಕ್ಕ. ಅದರ ಕೆಳಗೇ ಆ ಹದಿನೈದು ದಿನದ ರಜೆ, ಓಟಿ ಗಂಟೆ, ಇಂಜೆಕ್ಷನ್ ಖರ್ಚು, ನೀವು ತಪ್ಪಿಸಿದ ತರಗತಿ ಬರೆಯಿರಿ. ಈ ಹಾಳೆಯನ್ನು ತಂದೆಯವರ ಕೈಯಲ್ಲೇ ಕೂಡಿಸಿ.

12ನೇ ವಾರಕ್ಕೆ ಅಂಕವೂ ಇಳಿದಿಲ್ಲ, ರಜೆಯೂ ಇಳಿದಿಲ್ಲ ಎಂದಾದರೆ ಇನ್ನೂ ಹತ್ತು ಸಿಟ್ಟಿಂಗ್ ಕಟ್ಟಬೇಡಿ. ಆ ನೋಟ್‌ಬುಕ್, ಎಂಆರ್‌ಐ, ಹಳೆಯ ಚೀಟಿಗಳು, ಇಎಸ್‌ಐ ಕಾರ್ಡು ಹಿಡಿದು ಡಿಸ್ಪೆನ್ಸರಿಯಿಂದ ದೊಡ್ಡ ಆಸ್ಪತ್ರೆಯ ಮೂಳೆ ವಿಭಾಗಕ್ಕೋ ನೋವಿನ ಕ್ಲಿನಿಕ್ಕಿಗೋ ಚೀಟಿ ಬರೆಸಿಕೊಳ್ಳಿ. ನೋವು ಸೊಂಟಕ್ಕಿಂತ ಕಾಲಿಗೆ, ಮಂಡಿಯ ಕೆಳಗೆ ಸೆಳೆದುಕೊಂಡು ಹೋಗುತ್ತಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಿ. ಅದು ನರದ ಮೇಲಿನ ಒತ್ತಡವಿರಬಹುದು, ಅದಕ್ಕೆ ನೋಡುವ ಕ್ರಮ ಬೇರೆ.